ಗದ್ದೆ ಬದುವಿನ ಫೈಬರ್ ಕೇಬಲ್‌ಗೆ ನಮ್ಮ ಮಾತು ಕೇಳಿಸುತ್ತದೆಯೇ?

ಪ್ರಶ್ನೆ: ಪಾಂಡವಪುರ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ನಮಗೆ ಎರಡೂವರೆ ಎಕರೆ ಕಬ್ಬಿನ ಗದ್ದೆಯಿದೆ. ಹೋದ ವರ್ಷ ರಸ್ತೆ ಕಡೆಯ ಬದುವಿನ ಉದ್ದಕ್ಕೂ ಜೆಸಿಬಿಯಲ್ಲಿ ಟ್ರೆಂಚ್ ಹೊಡೆದು, ಕಿತ್ತಳೆ ಬಣ್ಣದ ಪೈಪಿನೊಳಗೆ ಫೈಬರ್ ಕೇಬಲ್ ಹಾಕಿ ಹೋದರು. ಕೆಲಸಕ್ಕೆ ಬಂದಿದ್ದ ಹುಡುಗನೊಬ್ಬ, 'ಇದರ ಮೇಲೆ ಯಾರು ನಡೆದರೂ ಆಫೀಸಿನಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ' ಎಂದನಂತೆ. ಅದು ಊರೆಲ್ಲ ಸುತ್ತಿ ಈಗ 'ನಮ್ಮ ಮಾತೂ ರೆಕಾರ್ಡ್ ಆಗುತ್ತದೆ' ಎಂಬಲ್ಲಿಗೆ ಬಂದು ನಿಂತಿದೆ. ನಮ್ಮ ತಾಯಿ ಆ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದನ್ನೇ ಬಿಟ್ಟಿದ್ದಾರೆ. ಅಲ್ಲಿರುವ ನಾಲ್ಕು ತೆಂಗಿನ ಮರಗಳಲ್ಲಿ ಎರಡು ಸೊರಗಿವೆ. ಕೇಬಲ್ಲಿನ ರೇಡಿಯೇಷನ್ನೇ ಕಾರಣವೆಂದು ಪಕ್ಕದ ಗದ್ದೆಯವರು ಹೇಳುತ್ತಾರೆ. ಅದು ಸಿಡಿಲನ್ನೂ ಎಳೆಯುತ್ತದಂತೆ. ಕೇಬಲ್ಲಿನಿಂದ ಹನ್ನೆರಡು ಅಡಿ ದೂರದಲ್ಲಿ ಕೊಳವೆಬಾವಿ ಕೊರೆಸಬೇಕೆಂದಿದ್ದೇನೆ. ಕೊರೆಸಬಹುದೇ, ಅಥವಾ ಕೇಬಲ್ಲನ್ನೇ ತೆಗೆಸಬಹುದೇ?

ಉತ್ತರ: ಆ ಹುಡುಗ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ, ಊರು ಅದಕ್ಕೆ ಸೇರಿಸಿದ ಮಾತು ಮಾತ್ರ ತಪ್ಪು. ಮೈಸೂರಿನಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದೇ ವಿಷಯವನ್ನು ಪಾಠ ಮಾಡುತ್ತ, ನೆಲದಲ್ಲಿ ಕೇಬಲ್ ಹೂತು ಪ್ರಯೋಗ ಮಾಡುತ್ತ ಬಂದಿರುವುದರಿಂದ, ಕೇಬಲ್‌ಗೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಮೊದಲು ಬಿಡಿಸಿ ಹೇಳುತ್ತೇನೆ. ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಕೊಳವೆಬಾವಿಯದು ನಿಜಕ್ಕೂ ಯೋಚಿಸಬೇಕಾದದ್ದು.

ಕಿತ್ತಳೆ ಪೈಪಿನೊಳಗಿನ ಕೇಬಲ್ಲಿನಲ್ಲಿ ಸಾಮಾನ್ಯವಾಗಿ 24 ಅಥವಾ 48 ಗಾಜಿನ ಎಳೆಗಳಿರುತ್ತವೆ. ಒಂದೊಂದು ಎಳೆಯ ಗಾಜಿನ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಡುವಿನ ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕು ಸಾಗುತ್ತದೆ. ಗಾಜನ್ನು ಸಾಕಷ್ಟು ಶುದ್ಧ ಮಾಡಿದರೆ ಬೆಳಕಿನಲ್ಲಿ ದೂರದ ಊರಿಗೆ ಸುದ್ದಿ ಕಳಿಸಬಹುದೆಂದು ಚಾರ್ಲ್ಸ್ ಕಾವೋ 1966ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕಾಗಿ ಅವರಿಗೆ ನೊಬೆಲ್ ಬಂದದ್ದು 2009ರಲ್ಲಿ. ಇಂದಿನ ಎಳೆಗಳಲ್ಲಿ ಬೆಳಕು 15 ಕಿಲೋಮೀಟರ್ ಸಾಗಿದ ಮೇಲೂ ಸುಮಾರು ಅರ್ಧದಷ್ಟು ಉಳಿದಿರುತ್ತದೆ.

ಎಷ್ಟೇ ಶುದ್ಧವಾದರೂ ಗಾಜು ಒಳಗೊಳಗೇ ಸಮವಾಗಿರುವುದಿಲ್ಲ. ಕುಲುಮೆಯಲ್ಲಿ ಕರಗಿದ ಗಾಜನ್ನು ಎಳೆಯಾಗಿ ಎಳೆದು ತಣಿಸುವಾಗ ಅದರ ಸಾಂದ್ರತೆಯ ಅತಿ ಸಣ್ಣ ಏರಿಳಿತಗಳು ಹಾಗೆಯೇ ಹೆಪ್ಪುಗಟ್ಟಿ ಉಳಿಯುತ್ತವೆ. ಬೆಳಕು ಅವುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ, ಅದರಲ್ಲಿ ಅತ್ಯಲ್ಪ ಭಾಗ ಬಂದ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಆಕಾಶವನ್ನು ನೀಲಿಯಾಗಿಸುವ ರೇಲೀ ಚದುರುವಿಕೆಯೇ ಇದು. ಸಂಪರ್ಕದ ಇಂಜಿನಿಯರಿಗೆ ಇದೊಂದು ನಷ್ಟ. ಸಂವೇದನೆಯ ಕೆಲಸ ಮಾಡುವ ನಮಗೆ ಅದೇ ಬಂಡವಾಳ.

ಕೇಬಲ್ಲಿನ ಒಂದು ತುದಿಗೆ ವಿಶೇಷ ಯಂತ್ರವೊಂದನ್ನು ಜೋಡಿಸಿ, ಅದರಿಂದ ಎಳೆಯೊಳಕ್ಕೆ ಲೇಸರ್ ಬೆಳಕಿನ ಚಿಕ್ಕ ಮಿಡಿತವನ್ನು ಬಿಡುತ್ತಾರೆ. ಗಾಜಿನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಿ ವಾಪಸ್ಸಾಗಲು ಸುಮಾರು 10 ಮೈಕ್ರೋಸೆಕೆಂಡು ಹಿಡಿಯುವುದರಿಂದ, ಹಿಂದಿರುಗಿದ ಬೆಳಕು ಯಾವ ಜಾಗದಿಂದ ಬಂತೆಂದು ಹೊತ್ತಿನ ಲೆಕ್ಕದಲ್ಲೇ ಗೊತ್ತಾಗುತ್ತದೆ. ಅದು ಹಿಂದಿನ ಮಿಡಿತಕ್ಕೆ ಬಂದದ್ದಕ್ಕಿಂತ ಸ್ವಲ್ಪ ಬೇರೆಯಾಗಿದ್ದರೆ ಆ ಜಾಗದಲ್ಲಿ ಎಳೆ ಹಿಗ್ಗಿದೆ ಅಥವಾ ಕುಗ್ಗಿದೆ ಎಂದರ್ಥ. ಹತ್ತು ಮೀಟರ್ ಉದ್ದದ ತುಂಡು 10 ನ್ಯಾನೋಮೀಟರಿನಷ್ಟು, ಎಂದರೆ ತಲೆಗೂದಲಿನ ದಪ್ಪವನ್ನು ಏಳು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು, ಹಿಗ್ಗಿದರೂ ಒಳ್ಳೆಯ ಯಂತ್ರ ಅದನ್ನು ಗುರುತಿಸಬಲ್ಲದು. ಈ ವಿಧಾನವನ್ನು ಬಳಕೆಯಲ್ಲಿ ಡಾಸ್ (ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್) ಎನ್ನುತ್ತಾರೆ. ಹೆಸರಿನಲ್ಲಿ 'ಅಕೌಸ್ಟಿಕ್', ಅಂದರೆ ಶಬ್ದಕ್ಕೆ ಸಂಬಂಧಿಸಿದ್ದು, ಎಂಬ ಪದ ಸೇರಿಕೊಂಡಿರುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ ಎಂದು ನನ್ನ ಅನಿಸಿಕೆ. ಅದು ಅಳೆಯುವುದು ಮಣ್ಣು ಎಳೆಯನ್ನು ಎಷ್ಟು ಜಗ್ಗಿತು ಎಂಬುದನ್ನು.

ನಾವು ಊರ ಹೊರಗೆ ಪ್ರಯೋಗಕ್ಕೆಂದು ಹೂತಿದ್ದ ಕೇಬಲ್ಲಿನ ಪರದೆ ಹೇಗಿರುತ್ತಿತ್ತೆಂದು ಹೇಳಿದರೆ ವಿಷಯ ಇನ್ನೂ ಸ್ಪಷ್ಟವಾದೀತು. ಪರದೆಯ ಅಡ್ಡಕ್ಕೆ ಕೇಬಲ್ಲಿನ ದೂರ, ಮೇಲಿನಿಂದ ಕೆಳಕ್ಕೆ ಕಾಲ. ಕಂಪನವಿದ್ದ ಕಡೆ ಬಣ್ಣ. ಒಬ್ಬರು ಕೇಬಲ್ಲಿನ ಪಕ್ಕದಲ್ಲೇ ನಡೆದುಹೋದರೆ ಚುಕ್ಕಿಗಳ ಒಂದು ಓರೆಗೆರೆ ಮೂಡುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಹೋದರೆ ಅದೇ ಓರೆಗೆರೆ ಪಟ್ಟೆಯಷ್ಟು ದಪ್ಪವಾಗಿ, ಇನ್ನಷ್ಟು ಮಲಗಿಕೊಂಡು ಕಾಣುತ್ತದೆ. ಯಾರಾದರೂ ಗುದ್ದಲಿ ಹಿಡಿದು ಒಂದೇ ಕಡೆ ಅಗೆಯುತ್ತಿದ್ದರೆ ಗೆರೆ ಓರೆಯಾಗದೆ, ಒಂದೇ ಜಾಗದಲ್ಲಿ ಚುಕ್ಕಿಯ ಕೆಳಗೆ ಚುಕ್ಕಿ ಬೀಳುತ್ತ ಹೋಗುತ್ತದೆ. ದಣಿವಾರಿಸಿಕೊಳ್ಳಲು ನಿಂತರೆ ಅಷ್ಟು ಹೊತ್ತು ಖಾಲಿ. ಆಲೆಮನೆಯ ಗಾಣ ಶುರುವಾದರೆ ಇಡೀ ದಿನ ಅಳಿಸದ ಒಂದು ನೆಟ್ಟನೆಯ ಪಟ್ಟಿ. ನಡೆದವರು ನೀವೋ ನಿಮ್ಮ ತಾಯಿಯೋ, ಅಗೆದದ್ದು ಕಳ್ಳನೋ ಕೂಲಿಯಾಳೋ ಎಂಬುದನ್ನು ಆ ಚುಕ್ಕಿಗಳು ಹೇಳುವುದಿಲ್ಲ. ಒಮ್ಮೆ ರಾತ್ರಿಯಿಡೀ ಯಾರೋ ನೆಲ ಅಗೆಯುತ್ತಿದ್ದಾರೆಂದು ನಮ್ಮ ಯಂತ್ರ ಎಚ್ಚರಿಕೆ ಕೊಟ್ಟು, ಬೆಳಿಗ್ಗೆ ಹೋಗಿ ನೋಡಿದರೆ ಗೂಟಕ್ಕೆ ಕಟ್ಟಿದ್ದ ಎಮ್ಮೆ ಅಲ್ಲಿ ಕಾಲು ಕೆದರುತ್ತ ನಿಂತಿತ್ತು.

ಹಾಗಾದರೆ ಮಾತು? ಬಯಲಿನಲ್ಲಿ ಹೂತ ಕೇಬಲ್ಲಿಗೆ ಅದು ದಕ್ಕುವುದಿಲ್ಲ. ಗಾಳಿಯಲ್ಲಿ ಬರುವ ದನಿ ನೆಲಕ್ಕೆ ತಾಗಿದಾಗ ಅದರ ಬಹುಪಾಲು ಹಾಗೆಯೇ ಪ್ರತಿಫಲಿಸಿ ಹೋಗುತ್ತದೆ. ಮಣ್ಣಿನೊಳಗೆ ಇಳಿಯುವ ಶಕ್ತಿ ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಳಿದ ಆ ಚೂರನ್ನೂ ಒಂದೂವರೆ ಮೀಟರ್ ಮಣ್ಣು ಹೀರಿಕೊಳ್ಳುತ್ತದೆ, ಅದರಲ್ಲೂ ಎತ್ತರದ ಸ್ಥಾಯಿಯನ್ನು ಬೇಗ ನುಂಗಿಬಿಡುತ್ತದೆ. ಕೇಬಲ್ ಪೈಪಿನೊಳಗೆ ಸಡಿಲವಾಗಿ ಮಲಗಿರುವುದು ಇನ್ನೊಂದು ಅಡ್ಡಿ. ಇದೆಲ್ಲಕ್ಕಿಂತ ಮುಖ್ಯವಾದದ್ದು, ಯಂತ್ರ ಒಂದು ಬಿಂದುವನ್ನಲ್ಲ, ಸುಮಾರು ಹತ್ತು ಮೀಟರ್ ಉದ್ದದ ತುಂಡಿನ ಒಟ್ಟು ಹಿಗ್ಗುವಿಕೆಯನ್ನು ಅಳೆಯುತ್ತದೆ ಎಂಬುದು. ಮನುಷ್ಯರ ದನಿಯ ಅಲೆಯುದ್ದ ಒಂದೆರಡು ಮೀಟರ್ ಮಾತ್ರವಾದುದರಿಂದ, ಆ ಹತ್ತು ಮೀಟರಿನೊಳಗೆ ಹಿಗ್ಗು ಕುಗ್ಗುಗಳು ಹಲವು ಸಲ ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಕೇಬಲ್ 40 ಕಿಲೋಮೀಟರ್ ಉದ್ದವಿದ್ದರೆ ಒಂದು ಮಿಡಿತ ಹೋಗಿ ಬರಲು 400 ಮೈಕ್ರೋಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ 2,500 ಸಲಕ್ಕಿಂತ ಹೆಚ್ಚು ಕೇಳಿ ನೋಡಲಾಗದು. ಒಂದು ಕಂಪನವನ್ನು ಗುರುತಿಸಲು ಕನಿಷ್ಠ ಎರಡು ಸಲ ನೋಡಬೇಕಾದುದರಿಂದ, 1,250 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 1,250 ಸಲಕ್ಕಿಂತ, ಮೇಲಿನ ಕಂಪನ ದಾಖಲಾಗಲಾರದು. 'ಸಕ್ಕರೆ' ಎಂಬ ಪದದ ಸಕಾರದ ಬಹುಪಾಲು ಶಕ್ತಿ ಇರುವುದು ಅದಕ್ಕಿಂತ ಎಷ್ಟೋ ಮೇಲೆ.

ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಪ್ರಯೋಗಾಲಯದಲ್ಲಿ ಇದೇ ಎಳೆಯನ್ನು ತೆಳುವಾದ ಟೊಳ್ಳು ಉರುಳೆಗೆ ಬಿಗಿಯಾಗಿ ಸುತ್ತಿಟ್ಟು ಅದರ ಮುಂದೆ ಮಾತಾಡಿದರೆ ದನಿ ಚೆನ್ನಾಗಿಯೇ ಕೇಳುತ್ತದೆ. ಸಮುದ್ರದೊಳಗಿನ ಶಬ್ದ ಹಿಡಿಯುವ ಫೈಬರ್ ಹೈಡ್ರೋಫೋನ್‌ಗಳು ನಡೆಯುವುದು ಈ ತತ್ವದ ಮೇಲೆಯೇ. ಆದ್ದರಿಂದ 'ಫೈಬರ್ ಎಂದೂ ದನಿ ಹಿಡಿಯಲಾರದು' ಎಂದು ನಾನು ಹೇಳುತ್ತಿಲ್ಲ. ನಿಮ್ಮ ಬದುವಿನಲ್ಲಿ ಹೂತಿರುವ ಕೇಬಲ್ ಹಿಡಿಯಲಾರದು ಎನ್ನುತ್ತಿದ್ದೇನೆ.

ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ನಿಮ್ಮ ಕೇಬಲ್ಲಿನ ತುದಿಯಲ್ಲಿ ಅಂಥ ಯಂತ್ರ ಇದೆಯೇ? ಬರಿಯ ಕೇಬಲ್ಲಿಗೆ ಏನೂ ತಿಳಿಯುವುದಿಲ್ಲ. ಯಂತ್ರ ದುಬಾರಿಯಾದುದರಿಂದ ಗ್ರಾಮ ಪಂಚಾಯಿತಿಗೋ ಮೊಬೈಲ್ ಟವರಿಗೋ ಹೋಗುವ ಸಾಮಾನ್ಯ ಕೇಬಲ್ಲಿಗೆ ಅದನ್ನು ಜೋಡಿಸುವವರು ಅಪರೂಪ. ತೈಲ ಮತ್ತು ಅನಿಲದ ಪೈಪ್‌ಲೈನ್ ಜೊತೆ ಹಾಕುವ ಕೇಬಲ್ಲಿಗೆ ಮಾತ್ರ ಕಳ್ಳತನ ಮತ್ತು ಅಗೆತ ಪತ್ತೆ ಹಚ್ಚಲು ಜೋಡಿಸುತ್ತಾರೆ. ಈಶಾನ್ಯ ಗಡಿ ರೈಲ್ವೆಯು ಹಳಿಗೆ ಬರುವ ಆನೆಗಳನ್ನು ಗುರುತಿಸಲು 'ಗಜರಾಜ' ಎಂಬ ಹೆಸರಿನಲ್ಲಿ ಇದೇ ತಂತ್ರವನ್ನು ಅಳವಡಿಸಿಕೊಂಡಿದೆ. ನಿಮ್ಮ ಮನೆಗೆ ಇಂಟರ್ನೆಟ್ ತರುವ ಫೈಬರ್ ಇದ್ದರೆ ಅದರ ಬಗ್ಗೆ ಇನ್ನೂ ಕಡಿಮೆ ಚಿಂತೆ ಸಾಕು, ಏಕೆಂದರೆ ದಾರಿಯಲ್ಲಿ ಒಂದು ಎಳೆಯ ಬೆಳಕನ್ನು 32 ಮನೆಗಳಿಗೆ ಹಂಚುವ ಸ್ಪ್ಲಿಟರ್ ಕುಳಿತಿರುತ್ತದೆ. ಮಿಡಿತ ಹೋಗುವಾಗ ಒಮ್ಮೆ, ಕ್ಷೀಣವಾದ ಹಿಂಬೆಳಕು ಬರುವಾಗ ಇನ್ನೊಮ್ಮೆ ಅದನ್ನು ದಾಟುವಷ್ಟರಲ್ಲಿ ಬಹುತೇಕ ಏನೂ ಉಳಿದಿರುವುದಿಲ್ಲ.

ಮಾಹಿತಿ ಸಾಗಿಸಲು ಹಾಕಿದ ಕೇಬಲ್ಲುಗಳು ನೆಲದ ಸುದ್ದಿಯನ್ನೂ ಹೇಳಬಲ್ಲವೆಂಬುದು ಕಳೆದ ಕೆಲವು ವರ್ಷಗಳ ಸಂಶೋಧನೆಯಲ್ಲಿ ಚೆನ್ನಾಗಿ ಸಾಬೀತಾಗಿದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯ ತಳದಲ್ಲಿದ್ದ ಕೇಬಲ್ಲಿನ 20 ಕಿಲೋಮೀಟರನ್ನು ಕೆಲವೇ ದಿನ ಹೀಗೆ ಆಲಿಸಿದಾಗ ಒಂದು ಭೂಕಂಪವೂ, ಅದುವರೆಗೆ ನಕ್ಷೆಯಲ್ಲಿಲ್ಲದ ಸ್ತರಭಂಗಗಳೂ (ಭೂಪದರ ಸೀಳಿ ಜರುಗಿದ ಬಿರುಕುಗಳು) ಕಂಡವು. ಲಾಸ್ ಏಂಜಲೀಸಿನಿಂದ ಚಿಲಿಯವರೆಗೆ ಹತ್ತು ಸಾವಿರ ಕಿಲೋಮೀಟರ್ ಹೋಗುವ ಕ್ಯೂರಿ ಕೇಬಲ್ಲಿನಲ್ಲಿ ಹೊಸ ಯಂತ್ರವನ್ನೇ ಜೋಡಿಸದೆ, ಅದು ಮಾಹಿತಿ ಸಾಗಿಸುತ್ತಿರುವಾಗಲೇ ಬೆಳಕಿನ ಧ್ರುವೀಕರಣದಲ್ಲಿ, ಅಂದರೆ ಬೆಳಕಿನ ಅಲೆ ತುಯ್ಯುವ ದಿಕ್ಕಿನಲ್ಲಿ, ಆಗುವ ಬದಲಾವಣೆಯಿಂದ ಭೂಕಂಪಗಳನ್ನು ಗುರುತಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆದರೆ ಈ ಎರಡನೆಯ ವಿಧಾನದಲ್ಲಿ ಕೇಬಲ್ಲಿನ ಯಾವ ಭಾಗ ಅಲುಗಿತೆಂಬುದು ತಿಳಿಯುವುದಿಲ್ಲ.

ನನ್ನನ್ನು ಕೇಳಿದರೆ, ನಮ್ಮ ಸೀಮೆಯಲ್ಲಿ ಫೈಬರ್ ಮೊದಲು ಹೋಗಬೇಕಾದದ್ದು ನಾಲೆಯ ಏರಿಯ ಬುಡಕ್ಕೆ. ಚದುರುವ ಬೆಳಕಿನ ಅತ್ಯಲ್ಪ ಭಾಗ ಬಣ್ಣ ಬದಲಿಸುತ್ತದೆಂದು ಸಿ.ವಿ. ರಾಮನ್ 1928ರಲ್ಲಿ ಕಂಡ ರಾಮನ್ ಪರಿಣಾಮವನ್ನೇ ಬಳಸಿ, ಹಿಂದಕ್ಕೆ ಚದುರುವ ಬೆಳಕಿನ ಎರಡು ಬಣ್ಣಗಳ ಪ್ರಮಾಣವನ್ನು ಹೋಲಿಸಿದರೆ ಕೇಬಲ್ಲಿನ ಪ್ರತಿ ಮೀಟರಿನ ಉಷ್ಣಾಂಶವೂ ಸಿಗುತ್ತದೆ. ಏರಿಯೊಳಗೆ ನೀರು ಸೋರತೊಡಗಿದರೆ ಅಲ್ಲಿನ ಮಣ್ಣಿನ ಉಷ್ಣಾಂಶ ನಾಲೆಯ ನೀರಿನ ಜೊತೆಗೇ ಏರಿಳಿಯುವುದರಿಂದ, ಏರಿ ಒಡೆಯುವ ಮೊದಲೇ ಸೋರುವ ಜಾಗ ಗೊತ್ತಾಗುತ್ತದೆ. ಸ್ವೀಡನ್ನಿನ ಮಣ್ಣಿನ ಅಣೆಕಟ್ಟುಗಳಲ್ಲಿ ಇದನ್ನು ವರ್ಷಗಳಿಂದ ಬಳಸುತ್ತಿದ್ದಾರೆ. ನಾಲೆ ಒಡೆದು ಗದ್ದೆಗೆ ಮರಳು ನುಗ್ಗಿದ್ದನ್ನು ಕಂಡವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಇದು ನಿಮ್ಮ ಪ್ರಶ್ನೆಯಲ್ಲಿರಲಿಲ್ಲ; ಹೇಳದೆ ಇರಲಾಗಲಿಲ್ಲ.

ತೆಂಗಿನ ಮರಗಳ ವಿಷಯಕ್ಕೆ ಬರೋಣ. ಎಳೆಯೊಳಗಿನ ಬೆಳಕಿನ ಶಕ್ತಿ ಸಾಮಾನ್ಯವಾಗಿ ಕೆಲವು ಮಿಲಿವ್ಯಾಟ್ ಮಾತ್ರ, ನಿಮ್ಮ ಕೈಯ ಟಾರ್ಚಿಗಿಂತ ಎಷ್ಟೋ ಕಡಿಮೆ. ಅದೂ ಗಾಜಿನ ತಿರುಳು ಬಿಟ್ಟು ಹೊರಗೆ ಬಾರದು, ಬಂದರೂ ಕಪ್ಪು ಹೊದಿಕೆ ದಾಟದು. ಮೊಬೈಲ್ ಟವರಿನಂತೆ ರೇಡಿಯೋ ಅಲೆಯನ್ನು ಅದು ಸೂಸುವುದಿಲ್ಲ. ಹಾಗೆಂದು ನಿಮ್ಮ ಪಕ್ಕದವರ ಗಮನ ಪೂರ್ತಿ ತಪ್ಪೆಂದೂ ನಾನು ಹೇಳಲಾರೆ, ಏಕೆಂದರೆ ಕೇಬಲ್ ಬಂದ ಮೇಲೆಯೇ ಮರ ಸೊರಗಿದೆ. ದೂರಸಂಪರ್ಕ ಕೇಬಲ್ಲಿಗೆ ಸಾಮಾನ್ಯವಾಗಿ ನಿಗದಿಯಾಗಿರುವ ಆಳ 1.65 ಮೀಟರ್. ಮರದ ಬುಡದ ಪಕ್ಕದಲ್ಲೇ ಅಷ್ಟು ಆಳಕ್ಕೆ ಜೆಸಿಬಿ ಹೋದರೆ ಒಂದು ಮಗ್ಗುಲಿನ ಬೇರೆಲ್ಲ ತುಂಡಾಗಿರುತ್ತದೆ. ಮುಚ್ಚುವಾಗ ತಳದ ಮಣ್ಣು ಮೇಲೆ, ಮೇಲಿನ ಮಣ್ಣು ತಳಕ್ಕೆ ಹೋಗಿರುತ್ತದೆ. ಸಡಿಲವಾದ ಟ್ರೆಂಚ್ ಒಂದು ಬಸಿಗಾಲುವೆಯಂತಾಗಿ, ಅಚ್ಚುಕಟ್ಟಿನ ನೀರು ಅದರ ಉದ್ದಕ್ಕೂ ಹರಿದು ಬೇರಿನ ಬಳಿ ನಿಲ್ಲಲೂಬಹುದು. ಮರದ ಯಾವ ಮಗ್ಗುಲು ಸೊರಗಿದೆ, ಬುಡದಲ್ಲಿ ನೀರು ನಿಲ್ಲುತ್ತದೆಯೇ ನೋಡಿ. ಜಿಲ್ಲೆಯ ತೆಂಗನ್ನು ಕಾಡುತ್ತಿರುವ ಬಿಳಿ ನೊಣ, ಕಪ್ಪು ತಲೆ ಹುಳು ಮತ್ತು ಕೆಂಪು ಮೂತಿ ಹುಳುಗಳನ್ನೂ ಮರೆಯದೆ ತೋಟಗಾರಿಕೆ ಇಲಾಖೆಯವರಿಗೆ ಒಮ್ಮೆ ತೋರಿಸಿ. ಬೇರು ಕತ್ತರಿಸಿದ್ದೇ ಕಾರಣವೆಂದು ಅವರು ಬರೆದುಕೊಟ್ಟರೆ ಪರಿಹಾರ ಕೇಳಲು ನಿಮಗೆ ಆಧಾರ ಸಿಗುತ್ತದೆ. ರೇಡಿಯೇಷನ್ ಎಂದು ಅರ್ಜಿ ಹಾಕಿದರೆ ಅದು ಮೊದಲ ಮೇಜಿನಲ್ಲೇ ಬಿದ್ದುಹೋಗುತ್ತದೆ.

ಸಿಡಿಲಿನ ಮಾತನ್ನು ಎರಡು ಸಾಲಿನಲ್ಲಿ ಮುಗಿಸಬಹುದು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಇಲಿ ಕಡಿಯದಿರಲೆಂದು ಉಕ್ಕಿನ ತಗಡು ಸುತ್ತಿದ ಕೇಬಲ್ಲಾದರೆ ಹತ್ತಿರದಲ್ಲಿ ಬಿದ್ದ ಸಿಡಿಲಿನಿಂದ ಆ ತಗಡಿಗೆ ಹಾನಿಯಾಗಬಹುದೇ ಹೊರತು, ನೆಲದಡಿಯ ಕೇಬಲ್ ಆಕಾಶದ ಸಿಡಿಲನ್ನು ಕರೆತರುವುದಿಲ್ಲ. ಆ ಕೆಲಸಕ್ಕೆ ನಿಮ್ಮ ತೆಂಗಿನ ಮರಗಳೇ ಎತ್ತರವಾಗಿ ನಿಂತಿವೆ.

ಕೊಳವೆಬಾವಿಯ ನಿರ್ಧಾರಕ್ಕೆ ಮೊದಲು ಕೇಬಲ್ ಯಾರದೆಂದು ತಿಳಿಯಬೇಕು. ದಾರಿಯುದ್ದಕ್ಕೂ ನೆಟ್ಟಿರುವ ಗುರುತುಕಲ್ಲಿನ ಮೇಲೆ ಹೆಸರಿರುತ್ತದೆ. ಕಲ್ಲಿಲ್ಲದಿದ್ದರೆ ಪಂಚಾಯಿತಿಯಲ್ಲಿ ಅನುಮತಿಯ ಕಡತ ಕೇಳಿ. ಜೊತೆಗೆ ಪೈಪ್‌ಲೈನ್ ಇದ್ದರೆ ನಿಯಮವೇ ಬೇರೆ: 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಡಿ ಬಳಕೆಯ ಹಕ್ಕು ಪಡೆದ ಆ ನೆಲದ ಪಟ್ಟಿಯೊಳಗೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಅಂಥ ಕಡೆ ಹನ್ನೆರಡು ಅಡಿ ಎಂಬ ಲೆಕ್ಕವನ್ನು ಬಿಟ್ಟು, ಪಟ್ಟಿಯಿಂದ ಪೂರ್ತಿ ಹೊರಕ್ಕೆ ಹೋಗಿ. ಬರೀ ದೂರಸಂಪರ್ಕದ ಕೇಬಲ್ಲಾದರೆ ಅಷ್ಟು ದೂರದಲ್ಲಿ ನೇರವಾಗಿ ಕೊರೆಯುವುದರಿಂದ ಎಳೆ ತುಂಡಾಗುವುದಿಲ್ಲ. ನಾನು ಕಂಡಂತೆ ಅನಾಹುತವಾಗುವುದು ಕೊರೆಯುವಾಗಲ್ಲ. ಕೆಸರು ಬಿಡಲು ಗುಂಡಿ ತೋಡುವಾಗ, ಆಮೇಲೆ ಮೋಟರಿನ ಪೈಪು ಎಳೆಯಲು ಜೆಸಿಬಿ ತರಿಸಿದಾಗ. ಕೆಲಸಕ್ಕೆ ಮುನ್ನ, 2023ರ ಮಾರ್ಚಿನಲ್ಲಿ ದೂರಸಂಪರ್ಕ ಇಲಾಖೆ ತಂದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್‌ನಲ್ಲಿ ಜಾಗ ಗುರುತಿಸಿ ತಿಳಿಸಿದರೆ ಕೇಬಲ್ಲಿನವರಿಗೆ ಸುದ್ದಿ ಹೋಗುತ್ತದೆ. ಅದರ ದಾಖಲೆ ನಿಮ್ಮ ಬಳಿಯಿದ್ದರೆ ನಾಳೆ ಯಾರಾದರೂ ನಷ್ಟ ಕಟ್ಟಿಕೊಡಿ ಎಂದಾಗ ನಿಮ್ಮ ಮಾತಿಗೆ ಬಲವಿರುತ್ತದೆ.

ಕೇಬಲ್ ತೆಗೆಸುವ ದಾರಿಯೂ ಇದೆ, ಆದರೆ ಅದರಲ್ಲಿ ನಿಮಗೆ ಲಾಭಕ್ಕಿಂತ ಅಲೆದಾಟ ಹೆಚ್ಚು. ಮೊದಲು ಹದ್ದುಬಸ್ತು ಮಾಡಿಸಿ. ಬದು ನಿಮ್ಮದೆಂದು ನೀವು ತಿಳಿದಿರುವ ಜಾಗ ನಕ್ಷೆಯಲ್ಲಿ ರಸ್ತೆಗೆ ಸೇರಿದ್ದರೆ ಪ್ರಶ್ನೆಯೇ ಮುಗಿಯಿತು. ನಿಮ್ಮದೇ ಆಗಿದ್ದರೆ, 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅವರು ನಿಮ್ಮೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕಿತ್ತು. ಒಪ್ಪಂದ ಕುದುರದ ಕಡೆ ಸಾರ್ವಜನಿಕ ಹಿತಕ್ಕಾಗಿ ಸರ್ಕಾರ ಮಧ್ಯೆ ಬಂದು ತೀರ್ಮಾನಿಸಲೂ ಅವಕಾಶವಿದೆ. ನಾನು ವಕೀಲನಲ್ಲ, ಆದರೂ ಹೇಳುವುದಾದರೆ, ಈಗಾಗಲೇ ಮುಚ್ಚಿರುವ ಟ್ರೆಂಚನ್ನು ಮತ್ತೆ ತೆಗೆಸಿ ಉಳಿದ ಎರಡು ಮರಗಳ ಬೇರನ್ನೂ ಕಡಿಸುವ ಬದಲು, ಲಿಖಿತವಾಗಿ ಮೂರು ವಿಷಯ ಕೇಳುವುದು ಲೇಸು. ಕೇಬಲ್ ಎಷ್ಟು ಆಳದಲ್ಲಿ, ಎಲ್ಲೆಲ್ಲಿ ಹೋಗಿದೆ. ಅದಕ್ಕೆ ಕಂಪನ ಗುರುತಿಸುವ ಯಂತ್ರ ಜೋಡಿಸಲಾಗಿದೆಯೇ. ಜೋಡಿಸಿದ್ದರೆ ಆ ದಾಖಲೆ ಯಾರ ಬಳಿ, ಎಷ್ಟು ದಿನ ಇರುತ್ತದೆ. ಮಾತು ಕೇಳಿಸದಿದ್ದರೂ, ನೀವು ನೀರು ಕಟ್ಟಲು ಎಷ್ಟು ಹೊತ್ತಿಗೆ ಬಂದಿರಿ, ಎಷ್ಟು ಹೊತ್ತಿಗೆ ಹೋದಿರಿ ಎಂಬುದು ಇನ್ನೊಬ್ಬರ ಪರದೆಯ ಮೇಲೆ ಗೆರೆಯಾಗಿ ಬೀಳುವುದಾದರೆ, ಅದನ್ನು ಕೇಳಿ ತಿಳಿಯುವುದು ನಿಮ್ಮ ಹಕ್ಕೆಂದೇ ನಾನು ಭಾವಿಸುತ್ತೇನೆ. 'ರಹಸ್ಯ' ಎಂದು ಹೇಳಿ ಕಳಿಸುವವರ ಬಗ್ಗೆ ನನಗೆ ಸಹನೆ ಕಡಿಮೆ.

ಎಂದಾದರೂ ಕೇಬಲ್ ತುಂಡಾಗಿ ಹೊರಗೆ ಬಿದ್ದಿದ್ದರೆ ಎರಡು ಕೆಲಸ ಮಾಡಬೇಡಿ: ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಬೇಡಿ, ಬರಿಗೈಯಲ್ಲಿ ಎಳೆಗಳನ್ನು ಮುಟ್ಟಬೇಡಿ. ಬೆಳಕು ಕಾಣದಿರುವುದರಿಂದ ಅದು ಇಲ್ಲವೆಂದು ತಿಳಿದು ನೋಡುವವರಿದ್ದಾರೆ. ಗಾಜಿನ ಚೂರು ಅದಕ್ಕಿಂತ ದಿಟದ ಅಪಾಯ. ಎಳೆ ಬೆಸೆಯುವುದನ್ನು ಕಲಿಯುತ್ತಿದ್ದ ಕಾಲದಲ್ಲಿ ನನ್ನ ಹೆಬ್ಬೆರಳಿಗೆ ಹೊಕ್ಕ ಒಂದು ಚೂರು ಬೆಳಕಿಗೆ ಹಿಡಿದರೂ ಕಾಣದೆ, ಅನ್ನ ಕಲಸುವಾಗಲೆಲ್ಲ ಚುಚ್ಚುತ್ತ ಹದಿನೈದು ದಿನ ಉಳಿದಿತ್ತು. ತುಂಡಾದ ಜಾಗವನ್ನು ನೀವು ಹುಡುಕಿಕೊಡಬೇಕಾಗಿಯೂ ಇಲ್ಲ. ಓಟಿಡಿಆರ್ ಎಂಬ ಯಂತ್ರದಿಂದ ಅವರು ತಮ್ಮ ಕೋಣೆಯಲ್ಲಿ ಕುಳಿತೇ ಅದನ್ನು ಕೆಲವು ಮೀಟರುಗಳ ಅಂದಾಜಿನಲ್ಲಿ ಕಂಡುಕೊಳ್ಳುತ್ತಾರೆ.

ನಿಮ್ಮ ತಾಯಿಯವರು ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು, ಮಾತಾಡಲೂಬಹುದು. ಈ ಸಲದ ಕಬ್ಬು ಕಡಿದ ಮೇಲೆ ಕೂಳೆ ಎದ್ದು ಆಳೆತ್ತರ ಬೆಳೆಯುವುದರೊಳಗೆ, ಕೇಬಲ್ ಹೋಗಿರುವ ಗೆರೆಯನ್ನು ಅವರಿಂದಲೇ ತೋರಿಸಿಕೊಂಡು, ಇಪ್ಪತ್ತು ಹೆಜ್ಜೆಗೊಂದರಂತೆ ಸುಣ್ಣ ಬಳಿದ ಕಲ್ಲು ನೆಡಿಸಿಡಿ; ಮುಂದಿನ ಸಲ ಜೆಸಿಬಿ ಬಂದಾಗ ಟ್ರೆಂಚ್ ಎಲ್ಲಿತ್ತೆಂಬುದು ಯಾರಿಗೂ ನೆನಪಿರುವುದಿಲ್ಲ.